ಮನೆಗೆ ಕಳಿಸಿದ ರೋಗಿ

ಮಲ್ಲೇಶ್ವರಂ ನಾಲ್ಕನೇ ಕ್ರಾಸಿನ ಬದರೀನಾರಾಯಣ ಮೇಷ್ಟ್ರ ಮಗಳು ಮಧುರಾ ಚಿಕ್ಕಂದಿನಿಂದಲೂ ಹೆದರುಪುಕ್ಕಲಿ. ದೀಪಾವಳಿ ಬಂತೆಂದರೆ ದೇವರ ಮನೆಯೊಳಗೆ ಬಾಗಿಲು ಹಾಕಿಕೊಂಡು ಕೂರುತ್ತಿದ್ದಳು. ಬೀದಿಯಲ್ಲಿ ನಾಯಿ ಮಲಗಿದ್ದರೆ ಮುಂದಿನ ಕ್ರಾಸಿನಿಂದ ಸುತ್ತಿ ಬರುತ್ತಿದ್ದಳು. ಪರೀಕ್ಷೆಯ ದಿನ ಹಾಲ್ ಟಿಕೆಟ್ ಇದೆಯಾ ಅಂತ ಮತ್ತೆ ಮತ್ತೆ ತೆಗೆದು ನೋಡಿ ಬ್ಯಾಗಿನ ಜಿಪ್ಪೇ ಕಿತ್ತುಹೋಗಿತ್ತು. ಅಂಥವಳು ಡಾಕ್ಟರಾದಳು ಅನ್ನುವುದೇ ನೆಂಟರಿಗೆ ಆಶ್ಚರ್ಯ. ಎಂಬಿಬಿಎಸ್ ಮುಗಿಸಿ ಎಂಡಿಗೆ ಎಮರ್ಜೆನ್ಸಿ ಮೆಡಿಸಿನ್ ತಗೊಂಡಳು ಅಂದಾಗಂತೂ ನಂಬಿದವರೇ ಕಡಿಮೆ.

“ಅಂದ್ರೆ ಯಾವ ಭಾಗದ ಡಾಕ್ಟ್ರು? ಹಾರ್ಟಾ, ಮೂಳೆಯಾ?” ಎಂದು ಕೇಳಿದವರಿಗೆ ಮೇಷ್ಟ್ರು, “ಭಾಗ ಗೀಗ ಇಲ್ಲ. ಆಸ್ಪತ್ರೆ ಬಾಗಿಲಲ್ಲಿ ಮೊದಲು ಸಿಗೋ ಡಾಕ್ಟ್ರು” ಎನ್ನುತ್ತಿದ್ದರು. ಅವರಿಗೂ ಅದಕ್ಕಿಂತ ಹೆಚ್ಚು ಗೊತ್ತಿರಲಿಲ್ಲ.

ಯಾಕೆ ಇದನ್ನೇ ಆರಿಸಿಕೊಂಡಳೆಂದು ಮಧುರಾ ಹೇಳಿದ್ದು ಒಬ್ಬನಿಗೆ ಮಾತ್ರ, ಜೊತೆಯಲ್ಲಿ ಓದುತ್ತಿದ್ದ ವಂಶಿಗೆ. “ಅಲ್ಲಿ ಎಲ್ಲರೂ ಹೆದರಿರ್ತಾರೆ ಕಣೋ. ರೋಗಿ, ಜೊತೆಗೆ ಬಂದೋರು, ಬಾಗಿಲಲ್ಲಿರೋ ಸೆಕ್ಯುರಿಟಿ ಕೂಡ. ಬೇರೆ ಕಡೆ ಆದ್ರೆ ನಾನೊಬ್ಳೇ ಹೆದರಿದೀನಿ ಅನ್ಸುತ್ತೆ. ಇಲ್ಲಿ ಹಾಗನ್ಸಲ್ಲ.”

ಚಾಮರಾಜಪೇಟೆಯ ಒಂದು ಹಳೆಯ ಟ್ರಸ್ಟ್ ಆಸ್ಪತ್ರೆಯಲ್ಲಿ ಮೂರು ವರ್ಷದ ತರಬೇತಿ. ಮೊದಲ ವರ್ಷ ಅವಳಿಗೆ ಕೈಗಳ ಭಯ. ಉಸಿರಾಟದ ಕೊಳವೆ ಹಾಕುವಾಗ, ಎದೆಯಲ್ಲಿ ತುಂಬಿದ ಗಾಳಿಯನ್ನು ಸೂಜಿಯಿಂದ ತೆಗೆಯುವಾಗ ಬೆರಳುಗಳು ಮಾತು ಕೇಳುತ್ತಿರಲಿಲ್ಲ. ವಿಭಾಗದ ಮುಖ್ಯಸ್ಥೆ ಡಾಕ್ಟರ್ ತ್ರಿಪುರಸುಂದರಿ ಹಿಂದೆ ನಿಂತು ನೋಡುತ್ತಿದ್ದರು. ಬರಬರುತ್ತ ಬೆರಳುಗಳಿಗೆ ಅಭ್ಯಾಸವಾಯಿತು. ಎರಡನೇ ವರ್ಷದ ಹೊತ್ತಿಗೆ ಸೈರನ್ ಕೇಳಿದರೆ ಮಧುರಾಳಿಗೆ ಹೆದರಿಕೆಯಾಗುತ್ತಿತ್ತೇ ಹೊರತು ಕೈ ನಿಲ್ಲುತ್ತಿರಲಿಲ್ಲ.

ಆದರೆ ಎರಡನೇ ವರ್ಷದವರಿಗೆ ಇನ್ನೊಂದು ಕೆಲಸ ಬರುತ್ತದೆ, ರೋಗಿಯನ್ನು ಮನೆಗೆ ಕಳಿಸುವುದು. ಹಾಸಿಗೆ ಕಮ್ಮಿ, ಕಾರಿಡಾರಿನಲ್ಲಿ ಸ್ಟ್ರೆಚರ್ ಸಾಲು. ಯಾರನ್ನು ಒಳಗಿಟ್ಟುಕೊಳ್ಳಬೇಕು, ಯಾರನ್ನು ಕಳಿಸಬೇಕು ಅನ್ನುವುದನ್ನು ಬೇಗ ಹೇಳಬೇಕು. “ಅಡ್ಮಿಟ್ ಮಾಡೋಕೆ ಧೈರ್ಯ ಬೇಡ, ಮನೆಗೆ ಕಳಿಸೋಕೆ ಬೇಕು,” ಎಂದು ತ್ರಿಪುರಸುಂದರಿ ಮೇಡಂ ಪಾಠ ಮಾಡುತ್ತಿದ್ದರು. ಮಧುರಾಳಿಗೆ ಆ ಧೈರ್ಯ ಇರಲಿಲ್ಲ. ಅದು ಗೊತ್ತಾಗಬಾರದು ಎಂದು ಧೈರ್ಯ ಇದ್ದವರಂತೆ ನಡೆದುಕೊಳ್ಳುವುದನ್ನು ಕಲಿತಳು.

ಒಂದು ಶನಿವಾರ ಬೆಳಿಗ್ಗೆ ಅವಳ ರಾತ್ರಿ ಡ್ಯೂಟಿ ಮುಗಿಯುವ ಹೊತ್ತಿಗೆ ವೀರಭದ್ರಯ್ಯ ಬಂದರು. ಶ್ರೀರಾಂಪುರದವರು, ಐವತ್ತು ದಾಟಿದ ಗಟ್ಟಿ ಆಳು, ಮಲ್ಲೇಶ್ವರಂನ ಒಂದು ಶಾಲೆಗೆ ಮಕ್ಕಳ ವ್ಯಾನ್ ಓಡಿಸುವವರು. ನಸುಕಿನಲ್ಲೇ ಚಾಮರಾಜಪೇಟೆಯ ಗ್ಯಾರೇಜಿನಲ್ಲಿ ಸ್ಟೆಪ್ನಿ ಟೈರ್ ಎತ್ತುವಾಗ ಬೆನ್ನಿಗೆ ನೋವು ಬಂದು, ಗ್ಯಾರೇಜಿನವರೇ ಆಟೋ ಹತ್ತಿಸಿ ಕಳಿಸಿದ್ದರು. ಬೆಳಗಿನ ಟ್ರಿಪ್ಪನ್ನು ಅದೇ ಶಾಲೆಗೆ ವ್ಯಾನ್ ಓಡಿಸುವ ಸ್ನೇಹಿತ ಆಂಜಿನಯ್ಯನಿಗೆ ಒಪ್ಪಿಸಿ ಬಂದಿದ್ದರು.

ಇಸಿಜಿ ಸರಿಯಿತ್ತು. ಹೃದಯದ ರಕ್ತಪರೀಕ್ಷೆಯೂ ಸರಿಯಿತ್ತು. ಇಂಜೆಕ್ಷನ್ ಕೊಟ್ಟ ಮೇಲೆ ನೋವು ಇಳಿಯಿತು. ವೀರಭದ್ರಯ್ಯ ಎದ್ದು ಕೂತು ಕಾಫಿ ಸಿಗುತ್ತಾ ಅಂತ ಕೇಳಿದರು.

“ಭಾರ ಎತ್ತಿದ್ರಲ್ಲ, ಸ್ನಾಯು ಹಿಡ್ಕೊಂಡಿದೆ ಅಷ್ಟೇ,” ಎಂದಳು ಮಧುರಾ. “ಮಾತ್ರೆ ಬರ್ಕೊಟ್ಟಿದೀನಿ. ಮನೆಗೆ ಹೋಗಿ ರೆಸ್ಟ್ ತಗೊಳ್ಳಿ.”

“ಭಯ ಪಡೋ ಅಂಥದ್ದು ಏನೂ ಇಲ್ವಲ್ಲಮ್ಮ?”

“ಏನೂ ಇಲ್ಲ.”

ಅವರು ಕೈಮುಗಿದು ಹೋದರು. ಮಧುರಾ ಉಳಿದ ಕೆಲಸ ಮುಗಿಸಿ, ಮುಖ ತೊಳೆದು, ಮಾರ್ಕೆಟ್ ಸ್ಟೇಷನ್ನಿಗೆ ನಡೆದು ಮೆಟ್ರೋ ಹತ್ತಿದಳು.

ಗಾಡಿ ಚಿಕ್ಕಪೇಟೆ ದಾಟಿತ್ತು. ಎದುರು ಸೀಟಿನಲ್ಲಿ ಒಬ್ಬಾಕೆ ತನ್ನ ಎಡಗೈ ಬಳೆಗಳನ್ನು ಒಂದೊಂದಾಗಿ ಸರಿಸಿಕೊಳ್ಳುತ್ತಿದ್ದಳು. ಅದನ್ನೇ ನೋಡುತ್ತ ಕೂತಿದ್ದ ಮಧುರಾಳಿಗೆ ಬೆಳಿಗ್ಗೆ ನರ್ಸ್ ಹೇಳಿದ ಒಂದು ಮಾತು ನೆನಪಾಯಿತು. “ಡಾಕ್ಟ್ರೇ, ಎಡಗೈಲಿ ಬಿಪಿ ತುಂಬಾ ಕಮ್ಮಿ ತೋರಿಸ್ತಿದೆ. ಮಷಿನ್ ಸರಿಯಿಲ್ಲ ಅನ್ಸುತ್ತೆ, ಬಲಗೈಲಿ ನೋಡ್ತೀನಿ.” ಬಲಗೈಯಲ್ಲಿ ಸ್ವಲ್ಪ ಜಾಸ್ತಿಯೇ ಬಂದಿತ್ತು. ನೋವಿದ್ದಾಗ ಜಾಸ್ತಿ ಇರುತ್ತದೆ ಎಂದು ಇಬ್ಬರೂ ಸುಮ್ಮನಾಗಿದ್ದರು. ಆಮೇಲೆ ಅದೇ ಮಷಿನ್ ಪಕ್ಕದ ಹಾಸಿಗೆಯ ಅಜ್ಜಿಗೆ, ಅದರ ಪಕ್ಕದ ಹುಡುಗಿಗೆ ಸರಿಯಾಗಿಯೇ ಕೆಲಸ ಮಾಡಿತ್ತು.

ಮಷಿನ್ ಕೆಟ್ಟಿರಲಿಲ್ಲ.

ಹೃದಯದಿಂದ ಹೊರಡುವ ದೊಡ್ಡ ರಕ್ತನಾಳದ ಒಳಪದರ ಕೆಲವೊಮ್ಮೆ ಸೀಳಿಬಿಡುತ್ತದೆ. ರಕ್ತ ಪದರಗಳ ನಡುವೆ ನುಗ್ಗಿ ದಾರಿ ಮಾಡಿಕೊಳ್ಳುತ್ತದೆ. ಆಗ ಒಂದು ಕೈಗೆ ರಕ್ತ ಸರಿಯಾಗಿ ಹೋಗುವುದಿಲ್ಲ, ನೋವು ಬೆನ್ನಿಗೆ ಹೊಡೆಯುತ್ತದೆ, ಇಸಿಜಿ ಸರಿಯಾಗಿಯೇ ಇರಬಹುದು. ರೋಗಿ ಎದ್ದು ಕೂತು ಕಾಫಿ ಕೇಳಬಹುದು. ಆಮೇಲೆ ಯಾವ ಗಳಿಗೆಯಲ್ಲಾದರೂ ಹೊರಪದರವೂ ಒಡೆಯಬಹುದು. ಒಡೆದರೆ ಯಾವ ಡಾಕ್ಟರೂ ಏನೂ ಮಾಡುವ ಹಾಗಿಲ್ಲ. ಇದನ್ನು ಹಿಂದಿನ ತಿಂಗಳಷ್ಟೇ ಜೂನಿಯರುಗಳಿಗೆ ಬೋರ್ಡಿನ ಮೇಲೆ ಚಿತ್ರ ಬರೆದು ಪಾಠ ಮಾಡಿದವಳು ಮಧುರಾಳೇ.

ಮಧುರಾ ಫೋನ್ ತೆಗೆದಳು. ಕೇಸ್ ಶೀಟನ್ನು ಕಂಪ್ಯೂಟರಿಗೆ ಏರಿಸಲು ಫೋನಿನಲ್ಲಿ ತೆಗೆದುಕೊಂಡಿದ್ದ ಫೋಟೋದಲ್ಲಿ ವೀರಭದ್ರಯ್ಯನವರ ನಂಬರಿತ್ತು. ಫೋನ್ ಮಾಡಿದಳು. ಚಂದಾದಾರರು ವ್ಯಾಪ್ತಿ ಪ್ರದೇಶದ ಹೊರಗಿದ್ದಾರೆ ಎಂದು ಹೆಣ್ಣುದನಿ ಹೇಳಿತು. ಮತ್ತೆ ಮಾಡಿದಳು. ಮತ್ತೆ ಅದೇ ದನಿ.

ಆಗ ಅವಳ ಮನಸ್ಸಿನಲ್ಲಿ ಇನ್ನೊಂದು ಯೋಚನೆ ಹಾದುಹೋಯಿತು. ತಾನು ಮನೆಗೆ ಹೋಗಿ ಮಲಗಿಬಿಟ್ಟರೆ? ಆತನಿಗೆ ಏನಾದರೂ ಆದರೆ ಹತ್ತಿರದ ಯಾವುದೋ ಆಸ್ಪತ್ರೆಗೆ ಒಯ್ಯುತ್ತಾರೆ, ಹಾರ್ಟ್ ಅಟ್ಯಾಕ್ ಅನ್ನುತ್ತಾರೆ. ಎಡಗೈಯ ವಿಷಯ ಯಾರಿಗೂ ಗೊತ್ತಾಗುವುದಿಲ್ಲ. ಆ ಯೋಚನೆ ತನ್ನದೇ ಎಂದು ತಿಳಿದಾಗ, ರಕ್ತನಾಳಕ್ಕಿಂತ ಹೆಚ್ಚಾಗಿ ಅವಳು ಅದಕ್ಕೆ ಹೆದರಿದಳು. ತಕ್ಷಣ ತ್ರಿಪುರಸುಂದರಿ ಮೇಡಮ್ಮಿಗೆ ಫೋನ್ ಮಾಡಿದಳು. ಮಾತು ತೊದಲಿತು, ಆದರೂ ಎಲ್ಲವನ್ನೂ ಹೇಳಿದಳು.



“ಎಲ್ಲಿದೀಯ?”

“ಮೆಟ್ರೋದಲ್ಲಿ, ಮೇಡಂ.”

“ಇಳಿದು ಹುಡುಕು. ಅಳೋದು ಆಮೇಲೆ. ವಂಶಿನ ಆಂಬುಲೆನ್ಸಲ್ಲಿ ಕಳಿಸ್ತೀನಿ, ಎಲ್ಲಿಗೆ ಅಂತ ನೀನು ಹೇಳು. ಹಾರ್ಟ್ ಸರ್ಜರಿ ಇರೋ ಕಡೆ ನಾನು ಮಾತಾಡಿಟ್ಟಿರ್ತೀನಿ. ಇನ್ನೊಂದು ವಿಷಯ ಕೇಳು. ಆತ ಸಿಕ್ಕಿದ್ರೆ ಗಾಬರಿ ಮಾಡ್ಬೇಡ. ಬಿಪಿ ಏರಿದ್ರೆ ಸೀಳು ಜಾಸ್ತಿ ಆಗುತ್ತೆ. ಅರ್ಥ ಆಯ್ತಾ?”

ತನ್ನ ಸಂಪಿಗೆ ರಸ್ತೆ ಸ್ಟೇಷನ್ನಿನಲ್ಲಿ ಇಳಿಯದೆ ಮಧುರಾ ಮುಂದಿನ ಶ್ರೀರಾಂಪುರದಲ್ಲಿ ಇಳಿದಳು. ವಿಳಾಸದಲ್ಲಿ ಇದ್ದದ್ದು ಬೀದಿಯ ಹೆಸರು, ಗಣೇಶನ ಗುಡಿ ಹಿಂದೆ ಎಂಬ ಒಂದು ಮಾತು. ಆ ಕಡೆ ಗಣೇಶನ ಗುಡಿಗಳಿಗೆ ಬರವಿಲ್ಲ. ಒಂದರ ಹಿಂದೆ ಹಿಟ್ಟಿನ ಗಿರಣಿ ಇತ್ತು, ಇನ್ನೊಂದರ ಹಿಂದೆ ಬೀಗ ಹಾಕಿದ ಮನೆ. ಬೀದಿಯಲ್ಲಿ ನಲ್ಲಿ ನೀರು ಹಿಡಿಯುತ್ತಿದ್ದವರನ್ನು, ಇಸ್ತ್ರಿ ಗಾಡಿಯವನನ್ನು ಕೇಳಿದಳು. “ವ್ಯಾನ್ ವೀರಣ್ಣನಾ?” ಎಂದು ಕೊನೆಗೆ ಒಬ್ಬ ಆಟೋದವನು ಗುರುತು ಹೇಳಿದ. ಎದುರು ಓಣಿಯಿಂದ ಯಾರೋ ಅಳುವ ಸದ್ದು ಬಂತು. ಅವಳ ಕಾಲು ಅಲ್ಲೇ ನಿಂತವು. ಮಗು ಹಠ ಮಾಡುತ್ತಿತ್ತು, ಅಷ್ಟೆ.

ಬಾಗಿಲಲ್ಲಿ ಕೂತು ಸೊಪ್ಪು ಬಿಡಿಸುತ್ತಿದ್ದ ಹೆಂಗಸು ವೀರಭದ್ರಯ್ಯನವರ ಹೆಂಡತಿ ಶೈಲಜಮ್ಮ.

“ಯಜಮಾನ್ರು ಇದಾರಾ? ನಾನು ಆಸ್ಪತ್ರೆಯಿಂದ ಬಂದಿದೀನಿ. ಒಂದು ಟೆಸ್ಟ್ ಬಾಕಿ ಇತ್ತು, ಮಾಡಿಸ್ಬೇಕಿತ್ತು.”

ಶೈಲಜಮ್ಮ ಸೊಪ್ಪನ್ನು ಮೊರದಲ್ಲಿಟ್ಟು ಅವಳ ಮುಖವನ್ನೇ ನೋಡಿದರು. “ಟೆಸ್ಟಿಗೆ ಡಾಕ್ಟ್ರೇ ಓಡಿ ಬರ್ತಾರಾ?”

“ಮನೆ ಇಲ್ಲೇ ಹತ್ತಿರ, ಹಾಗಾಗಿ ಬಂದೆ.”

“ಬಂದು ಎರಡು ಇಡ್ಲಿ ತಿಂದ್ರು. ಗ್ಯಾರೇಜಿನ ಹುಡುಗ ವ್ಯಾನ್ ತಂದುಕೊಟ್ಟ. ನೋವಿಲ್ಲ, ಮಧ್ಯಾಹ್ನದ ಟ್ರಿಪ್ ನಾನೇ ಹೊಡೀತೀನಿ ಅಂತ ಹೋದ್ರು. ಇವತ್ತು ಶನಿವಾರ, ಸ್ಕೂಲ್ ಬೇಗ ಬಿಡುತ್ತೆ.”

ಮಧುರಾಳ ಕಣ್ಣ ಮುಂದೆ ಮಾರ್ಗೋಸಾ ರಸ್ತೆಯ ಇಳಿಜಾರು ಬಂದು ನಿಂತಿತು. ವ್ಯಾನಿನ ತುಂಬ ಮಕ್ಕಳು, ಸ್ಟೀರಿಂಗಿನ ಹಿಂದೆ ಅವರು. ಅಲ್ಲಿಯವರೆಗೆ ಒಬ್ಬರ ಜೀವದ ಭಯವಿತ್ತು. ಈಗ ಎಷ್ಟು ಜೀವಗಳು ಎಂದು ಎಣಿಸುವುದಕ್ಕೂ ಅವಳಿಂದ ಆಗಲಿಲ್ಲ.

“ನೀವೂ ಬನ್ನಿ ಅಮ್ಮ,” ಎಂದಳು. ದನಿ ಮಾಮೂಲಿನಂತೆ ಇರಲೆಂದು ಉಗುರುಗಳನ್ನು ಅಂಗೈಗೆ ಒತ್ತಿಕೊಂಡಿದ್ದಳು. ಶೈಲಜಮ್ಮ ಬಾಗಿಲೆಳೆದುಕೊಂಡು ಬರಿಗಾಲಲ್ಲೇ ಆಟೋ ಹತ್ತಿದರು.

ಆಟೋ ರೈಲ್ವೆ ಸೇತುವೆಯ ಕೆಳಗೆ ಸಿಕ್ಕಿಕೊಂಡಿತು. ಮುಂದೆ ತರಕಾರಿ ಲಾರಿ, ಹಿಂದೆ ಬಸ್ಸು.   ಮಧುರಾ ಶೈಲಜಮ್ಮನಿಂದ ಶಾಲೆಯ ಹೆಸರು ಕೇಳಿಕೊಂಡು ವಂಶಿಗೆ ಮೆಸೇಜ್ ಹಾಕಿದಳು. ‘ಮೈಸೂರು ಸರ್ಕಲ್ ಹತ್ರ ಜಾಮ್, ಬರ್ತಿದೀವಿ’ ಎಂದು ಉತ್ತರ ಬಂತು.

ಶಾಲೆಯ ಗೇಟು ಇನ್ನೂ ಮುಚ್ಚಿತ್ತು. ಎದುರಿನ ಮರಗಳ ಕೆಳಗೆ ವ್ಯಾನುಗಳು ಸಾಲಾಗಿ ನಿಂತಿದ್ದವು, ಡ್ರೈವರುಗಳು ಗುಂಪುಗೂಡಿ ಹರಟುತ್ತಿದ್ದರು. ಸಾಲಿನ ಕೊನೆಯ ವ್ಯಾನಿನಲ್ಲಿ ಒಬ್ಬ ಮನುಷ್ಯ ಸ್ಟೀರಿಂಗಿನ ಮೇಲೆ ತಲೆಯಿಟ್ಟು ಬಿದ್ದಿದ್ದ.

“ಅವ್ರೇ,” ಎಂದರು ಶೈಲಜಮ್ಮ. ಎಂದವರು ಮುಂದೆ ಒಂದು ಹೆಜ್ಜೆಯೂ ಇಡಲಿಲ್ಲ. ಮರಕ್ಕೆ ಕೈಯಾನಿಸಿ ನಿಂತುಬಿಟ್ಟರು.

ಮಧುರಾ ಹೋದಳು. ಎಷ್ಟೋ ಸತ್ತವರನ್ನು ಮುಟ್ಟಿ ನೋಡಿದವಳು ಅವಳು. ಆದರೆ ಆ ತೆರೆದ ಕಿಟಕಿಯೊಳಗೆ ಕೈ ಹಾಕಲು ಅವಳ ಕೈ ಏಳಲೊಲ್ಲದು. ಕೊನೆಗೆ ಎರಡು ಬೆರಳನ್ನು ಅವರ ಕತ್ತಿನ ಮೇಲಿಟ್ಟಳು. ಬೆಚ್ಚಗಿತ್ತು.

ವೀರಭದ್ರಯ್ಯ ಕಣ್ಣು ಬಿಟ್ಟರು. “ಓ, ಡಾಕ್ಟ್ರಮ್ಮ. ನಿಮ್ ಮಾತ್ರೆ ತುಂಬಾ ನಿದ್ದೆ ಬರಿಸುತ್ತೆ.”

ಮಧುರಾ ನಕ್ಕಳು. ಅದು ಹೇಗೆ ಬಂತೋ ಅವಳಿಗೇ ಗೊತ್ತಿಲ್ಲ. “ಕೈ ಕೊಡಿ ನೋಡೋಣ” ಎಂದು ಅವರ ಎರಡೂ ಮಣಿಕಟ್ಟುಗಳನ್ನು ಹಿಡಿದಳು. ಬಲಗೈಯ ನಾಡಿ ಬೆರಳಿಗೆ ಗುದ್ದುತ್ತಿತ್ತು. ಎಡಗೈಯದು ಇದ್ದೂ ಇಲ್ಲದ ಹಾಗೆ, ಗೋಡೆಯಾಚೆ ಯಾರೋ ನಡೆದಾಡಿದ ಹಾಗೆ ಇತ್ತು. ಅಲ್ಲಿಯವರೆಗೂ ತನ್ನ ಲೆಕ್ಕ ತಪ್ಪಿರಲಿ ಎಂದು ಬೇಡಿಕೊಳ್ಳುತ್ತಿದ್ದವಳಿಗೆ ಇನ್ನು ಬೇಡಿಕೊಳ್ಳಲು ಏನೂ ಉಳಿಯಲಿಲ್ಲ.

“ಬೆಳಿಗ್ಗೆ ಒಂದು ಸ್ಕ್ಯಾನ್ ಮರೆತುಹೋಗಿತ್ತು. ಈಗ ನಮ್ ಗಾಡಿ ಈ ಕಡೆನೇ ಬರ್ತಿದೆ, ಮಾಡಿಸ್ಬಿಡೋಣ. ಕೀ ಕೊಡ್ತೀರಾ?”

“ಮಕ್ಳನ್ನ ಬಿಟ್ಟು ಬಂದ್ಬಿಡ್ತೀನಿ. ಎಷ್ಟು ಹೊತ್ತು, ಹಿಂಗ್ ಹೋಗಿ ಹಂಗ್ ಬಂದ್ಬಿಡೋದು.”

“ಬೇಡ. ಆಂಜಿನಯ್ಯ ಅನ್ನೋರು ಬಿಡಲ್ವಾ? ಬೆಳಿಗ್ಗೆ ಅವರೇ ಬಿಟ್ರು ಅಂದ್ರಲ್ಲ.”

ವೀರಭದ್ರಯ್ಯ ಅವಳನ್ನು, ದೂರದಲ್ಲಿ ನಿಂತಿದ್ದ ಹೆಂಡತಿಯನ್ನು, ಅವರ ಬರಿಗಾಲನ್ನು ನೋಡಿದರು.  ಕೀ ತೆಗೆದು ಅವಳ ಕೈಗಿಟ್ಟರು.

ಆಂಜಿನಯ್ಯ ಅವರ ವ್ಯಾನಿನ ಮಕ್ಕಳನ್ನು ತನ್ನ ವ್ಯಾನಿನಲ್ಲೂ ಬೇರೆಯವರ ವ್ಯಾನುಗಳಲ್ಲೂ ಹಂಚಿ ಕೂರಿಸುವ ಏರ್ಪಾಟು ಮಾಡಿದ. ವೀರಭದ್ರಯ್ಯನವರನ್ನು ಅವರದೇ ವ್ಯಾನಿನ ಉದ್ದ ಸೀಟಿನ ಮೇಲೆ ಮಲಗಿಸಿದರು. ಗೇಟು ತೆರೆಯಿತು, ಮಕ್ಕಳು ಹೊರಬಿದ್ದರು, ಬೀದಿಯೆಲ್ಲ ಗದ್ದಲ. ಆ ಗದ್ದಲದ ಮಧ್ಯೆ ಅವರಿಗೆ ನೋವು ತಿರುಗಿ ಬಂತು. ಈ ಸಲ ಹೊಟ್ಟೆಯತ್ತ ಇಳಿಯುತ್ತಿತ್ತು. ಹಣೆಯಲ್ಲಿ ಬೆವರು. ಮಧುರಾಳ ಬಳಿ ಔಷಧಿಯಿಲ್ಲ, ಸೂಜಿಯಿಲ್ಲ, ಮಾನಿಟರ್ ಇಲ್ಲ. ಇಷ್ಟು ವರ್ಷ ಕಲಿತದ್ದರಲ್ಲಿ ಉಪಯೋಗಕ್ಕೆ ಬರುವುದು ದನಿಯೊಂದೇ.

“ವೀರಭದ್ರಯ್ಯನವ್ರೇ, ಬೆಳಿಗ್ಗೆ ಮೊದಲು ಯಾವ ಮನೆ ಮಗು ಹತ್ತುತ್ತೆ?” ಎಂದು ಕೇಳಿದಳು.

“ಸಾನ್ವಿ ಅಂತ. ಲಿಂಕ್ ರೋಡಲ್ಲಿ. ಯಾವಾಗ್ಲೂ ಲೇಟು.”

“ಆಮೇಲೆ?”

ಅವರು ಕಣ್ಣು ಮುಚ್ಚಿಕೊಂಡು ಒಂದೊಂದೇ ಮನೆ ಹೇಳುತ್ತ ಹೋದರು. ಯಾರ ಅಜ್ಜ ಬಾಗಿಲಿಗೆ ಬಂದು ಟಾಟಾ ಮಾಡುತ್ತಾರೆ, ಯಾವ ಮಗು ಊಟದ ಡಬ್ಬಿ ಮರೆಯುತ್ತದೆ ಎಂದೆಲ್ಲ. ಮಾತಿನ ನಡುವೆ ಹಲ್ಲು ಕಚ್ಚಿ ನಿಲ್ಲಿಸುತ್ತಿದ್ದರು. ಪ್ರತಿ ಸಲ ನಿಂತಾಗಲೂ ಮಧುರಾ ಅವರ ನಾಡಿ ಹಿಡಿದ ಬೆರಳನ್ನು ಅಲ್ಲಾಡಿಸದೆ, ಮುಂದಿನ ಮಾತು ಬರುತ್ತದೋ ಇಲ್ಲವೋ ಎಂದು ಕಾದಳು. ಪಕ್ಕದಲ್ಲಿ ಶೈಲಜಮ್ಮ ಸೆರಗಿನಿಂದ ಗಂಡನ ಹಣೆ ಒರೆಸುತ್ತ, ಗಂಡನನ್ನಲ್ಲ, ಡಾಕ್ಟರ ಮುಖವನ್ನೇ ನೋಡುತ್ತಿದ್ದರು. ಅಷ್ಟು ಹತ್ತಿರದಿಂದ ನೋಡುವವರ ಎದುರು ಮುಖವನ್ನು ಸುಮ್ಮನೆ ಇಟ್ಟುಕೊಳ್ಳುವುದಕ್ಕಿಂತ ಕಷ್ಟದ ಕೆಲಸ ಮಧುರಾ ಅದುವರೆಗೆ ಮಾಡಿರಲಿಲ್ಲ.

ಸೈರನ್ ಕೇಳಿಸಿತು. ವಂಶಿ ಇಳಿದು ಬಂದ. ಸೂಜಿ ಹಾಕಿ, ಬಿಪಿ ಇಳಿಸುವ ಔಷಧಿ ಶುರು ಮಾಡಿ, ಎರಡೂ ಕೈಗಳ ಅಂಕಿ ನೋಡಿ ಮಧುರಾಳತ್ತ ಒಮ್ಮೆ ತಿರುಗಿದ.  ದಾರಿಯುದ್ದಕ್ಕೂ ಇಬ್ಬರೂ ಮಾನಿಟರ್ ಬಿಟ್ಟು ಬೇರೆಲ್ಲೂ ನೋಡಲಿಲ್ಲ.

ಹೃದಯದ ಆಸ್ಪತ್ರೆಯಲ್ಲಿ ಸ್ಕ್ಯಾನ್ ಆಯಿತು. ಸೀಳು ಹೃದಯದ ಬುಡದಿಂದ ಶುರುವಾಗಿ ಹೊಟ್ಟೆಯವರೆಗೆ ಇಳಿದಿತ್ತು. ಅಲ್ಲಿನ ಸರ್ಜನ್ ಪರದೆಯನ್ನು ನೋಡುತ್ತ, “ಇವರು ಗಾಡಿ ಓಡಿಸೋಕೆ ಹೊರಟಿದ್ರಾ?” ಎಂದರು. ಉತ್ತರಕ್ಕೆ ಕಾಯದೆ ಆಪರೇಷನ್ನಿಗೆ ಹೊರಟರು. ಮಧುರಾ ಹೊರಗಿನ ಬೆಂಚಿನ ಮೇಲೆ ಶೈಲಜಮ್ಮನ ಪಕ್ಕ ಕೂತಳು. ಸಂಜೆಯಾದ ಮೇಲೆ ಬಾಗಿಲು ತೆರೆಯಿತು. ಜೀವ ಉಳಿದಿದೆ, ಮುಂದಿನದು ಮುಂದೆ ನೋಡೋಣ ಎಂದರು ಸರ್ಜನ್.

ಮುಂದಿನದು ಪೂರ್ತಿ ಒಳ್ಳೆಯದಾಗಲಿಲ್ಲ. ವೀರಭದ್ರಯ್ಯನವರಿಗೆ ಎಚ್ಚರವಾದಾಗ ಎಡಗೈ ಎಡಗಾಲು ಸ್ವಾಧೀನದಲ್ಲಿರಲಿಲ್ಲ, ಮೆದುಳಿಗೂ ರಕ್ತ ಕಡಿಮೆಯಾಗಿತ್ತು. ದಿನ ಕಳೆದಂತೆ ಕಾಲು ಸುಧಾರಿಸಿತು, ಕೈ ಅಷ್ಟಾಗಿ ಬರಲಿಲ್ಲ. ಇನ್ನು ವ್ಯಾನ್ ಓಡಿಸುವ ಮಾತಿರಲಿಲ್ಲ.

ಅಷ್ಟರಲ್ಲಿ ಶ್ರೀರಾಂಪುರದ ಆ ಬೀದಿಯಲ್ಲೆಲ್ಲ ಮಧುರಾಳ ಹೆಸರು ಹಬ್ಬಿತ್ತು. ಮನೆ ಹುಡುಕಿಕೊಂಡು ಬಂದು ಜೀವ ಉಳಿಸಿದ ಡಾಕ್ಟರಮ್ಮ. ಯಾರೋ ಬಾಳೆಹಣ್ಣಿನ ಚಿಪ್ಪು ತಂದು ಮೇಷ್ಟ್ರ ಮನೆಗೆ ಕೊಟ್ಟು ಹೋದರು. ಮೇಷ್ಟ್ರು ಹಿಗ್ಗಿ ಅಕ್ಕಪಕ್ಕದವರಿಗೆಲ್ಲ ಹಂಚಿದರು. ಮಧುರಾ ಒಂದು ಹಣ್ಣನ್ನೂ ಮುಟ್ಟಲಿಲ್ಲ. ಅವಳಿಗೆ ರಾತ್ರಿ ನಿದ್ದೆಯಿಲ್ಲ, ಊಟ ಸೇರದು. ಎಂಡಿ ಸೀಟು ಬಿಟ್ಟುಬಿಡುತ್ತೇನೆ ಎಂದು ಮೇಡಂ ಹತ್ತಿರ ಹೋದಳು.

“ಬಿಡಬೇಕು ಅನ್ಸಿದ್ರೆ ಬಿಡು,” ಎಂದರು ತ್ರಿಪುರಸುಂದರಿ. “ಆದ್ರೆ ಮೊದಲು ಆ ಹೆಂಗಸಿಗೆ ನಡೆದದ್ದು ಹೇಳು. ನಾನೂ ಬರ್ತೀನಿ. ನಿನ್ನನ್ನ ಡ್ಯೂಟಿಗೆ ನಿಲ್ಲಿಸಿದ್ದು ನಾನು.”

ಇಬ್ಬರೂ ಹೋದರು. ವಾರ್ಡಿನ ಹೊರಗಿನ ಕಿಟಕಿಯ ಬಳಿ ಮಧುರಾ ಹೇಳಿದಳು. ಎಡಗೈಯ ಬಿಪಿ ಕಮ್ಮಿ ಬಂದಿತ್ತು, ಅದನ್ನು ನಾನು ಲೆಕ್ಕಕ್ಕೆ ತಗೊಳ್ಳಲಿಲ್ಲ, ಅವತ್ತು ಬೆಳಿಗ್ಗೆಯೇ ಸ್ಕ್ಯಾನ್ ಮಾಡಿಸಬೇಕಿತ್ತು, ಮಾಡಿಸದೆ ಮನೆಗೆ ಕಳಿಸಿದೆ.  ಯಾವ ಕ್ಷಣದಲ್ಲಾದರೂ ಆಕೆ ಕೂಗಬಹುದು, ಹೊಡೆಯಬಹುದು, ಜನ ಸೇರಬಹುದು. ಸೇರಲಿ ಎಂದುಕೊಂಡಳು.

ಶೈಲಜಮ್ಮ ಕೂಗಲಿಲ್ಲ. ಕಿಟಕಿಯ ಸರಳು ಹಿಡಿದುಕೊಂಡರು.

“ಬಾಗಿಲಲ್ಲಿ ನಿಂತಾಗ್ಲೇ ನಿಮ್ ಮುಖ ನೋಡಿ ಏನೋ ಇದೆ ಅನ್ಕೊಂಡಿದ್ದೆ,” ಎಂದರು. “ಬೆಳಿಗ್ಗೆನೇ ನೋಡಿದ್ರೆ ಕೈ ಉಳೀತಿತ್ತಾ?”

“ಗೊತ್ತಿಲ್ಲಮ್ಮ. ಉಳೀತಿತ್ತೇನೋ.”

“ಈಗ ಹೋಗಿ. ಇವತ್ತು ನಿಮ್ ಜೊತೆ ಮಾತಾಡೋಕೆ ನನ್ನಿಂದ ಆಗಲ್ಲ. ಅವ್ರಿಗೆ ನಾನೇ ಹೇಳ್ತೀನಿ.”

ಮಧುರಾ ಹೊರಟಳು. ಮೆಟ್ಟಿಲಿಳಿಯುವಾಗ ಮೇಡಂ ಅವಳ ತೋಳು ಹಿಡಿದುಕೊಂಡಿದ್ದರು. ಮುಂದಿನ ವಾರ ವಿಭಾಗದ ಎಲ್ಲ ಡಾಕ್ಟರುಗಳ ಎದುರು ನಿಂತು ಅದನ್ನೇ ಮತ್ತೆ ಹೇಳಬೇಕಾಯಿತು. ಅಂದಿನಿಂದ ಎಮರ್ಜೆನ್ಸಿ ಕೋಣೆಯಲ್ಲಿ ಎದೆನೋವು ಬೆನ್ನುನೋವು ಎಂದು ಬಂದವರಿಗೆ ಎರಡೂ ಕೈಯ ಬಿಪಿ ನೋಡುವುದು ನಿಯಮವಾಯಿತು.

ಅವಳು ಸೀಟು ಬಿಡಲಿಲ್ಲ. ಯಾಕೆ ಎಂದು ಕೇಳಿದರೆ, ಸೋಮವಾರ ಡ್ಯೂಟಿ ಇತ್ತು, ಹೋದೆ ಎನ್ನುತ್ತಾಳೆ.

ವೀರಭದ್ರಯ್ಯ ಈಗಲೂ ವ್ಯಾನಿನಲ್ಲಿ ಹೋಗುತ್ತಾರೆ. ಓಡಿಸುವವನು ಆಂಜಿನಯ್ಯ. ಇವರು ಮುಂದಿನ ಸೀಟಿನಲ್ಲಿ ಕೂತು ಮಕ್ಕಳನ್ನು ಹೆಸರು ಹಿಡಿದು ಕರೆಯುತ್ತಾರೆ, ಬಲಗೈಯಿಂದ ಬಾಗಿಲು ತೆಗೆಯುತ್ತಾರೆ. ಸಂಪಿಗೆ ರಸ್ತೆಯಲ್ಲಿ ಮಧುರಾ ಕಂಡರೆ ತಲೆಯಾಡಿಸುತ್ತಾರೆ. ಶೈಲಜಮ್ಮ ಮಾತ್ರ ಇಂದಿಗೂ ಮಾತಾಡಿಲ್ಲ.

ಮಧುರಾ ಮೂರನೇ ವರ್ಷಕ್ಕೆ ಬಂದಳು. ಮನೆಗೆ ಕಳಿಸಿದ ರೋಗಿಗಳಿಗೆ ಫೋನ್ ಮಾಡುವ ಅಭ್ಯಾಸ ಅವಳಿಗೆ ಅಂಟಿಕೊಂಡಿದೆ. ಡ್ಯೂಟಿ ಮುಗಿದ ಮೇಲೆ ಸ್ಟೇಷನ್ನಿನ ಕಲ್ಲುಬೆಂಚಿನ ಮೇಲೆ ಕೂತು, ಯಾರ ಬಗ್ಗೆ ಮನಸ್ಸು ತಡೆಯುವುದಿಲ್ಲವೋ ಅವರಿಗೆ ಮಾಡುತ್ತಾಳೆ.  ಮೊನ್ನೆ ಮಾವಳ್ಳಿಯ ಹಿರಿಯರೊಬ್ಬರು ಅವಳಿಗೆ ಬೈದರು.

“ಆಸ್ಪತ್ರೆಯಿಂದ ಡಾಕ್ಟ್ರು ಅಂತ ಅಂದ್ಬಿಟ್ರೆ ಹೆಂಗಮ್ಮ? ನನ್ ಹೆಂಡ್ತಿ ಕೈಲಿದ್ದ ಪಾತ್ರೆ ಬಿಟ್ಲು. ರಿಪೋರ್ಟಲ್ಲಿ ಏನೋ ಬಂದಿದೆ ಅಂತ ಮನೆಯವರೆಲ್ಲ ನಿಂತಿದಾರೆ ಇಲ್ಲಿ. ನನಗೇನಾಗಿದೆ, ಹೇಳಿ.”

“ಏನೂ ಆಗಿಲ್ಲ. ಹೇಗಿದೀರಾ ಅಂತ ಕೇಳೋಣ ಅಂತ ಮಾಡ್ದೆ.”

“ಚೆನ್ನಾಗಿದ್ದೆ, ನಿಮ್ ಫೋನ್ ಬರೋವರ್ಗೂ.”

ಈಗ ಆ ಕಡೆಯವರು ಫೋನ್ ತೆಗೆದ ಕೂಡಲೇ ಅವಳು ಡಾಕ್ಟರು ಎಂದು ಹೇಳುವುದಿಲ್ಲ. ಗಾಬರಿ ಏನಿಲ್ಲ, ತಿಂಡಿ ಆಯ್ತಾ ಎಂದು ಮೊದಲು ಕೇಳುತ್ತಾಳೆ. ಆ ಕಡೆಯಿಂದ ಆಯ್ತು ಎಂಬ ದನಿ ಬಂದ ಮೇಲೆ, ನಾನು ಮಧುರಾ, ನಿನ್ನೆ ಆಸ್ಪತ್ರೆಯಲ್ಲಿ ನೋಡಿದೆನಲ್ಲ, ಎನ್ನುತ್ತಾಳೆ.